ಮೂಕಿ

ನಾಯಿಗಳ ಡಾಕ್ಟರೊಬ್ಬ ಹದಿನಾಲ್ಕು ವರ್ಷ ಓಡಿಸಿ ಮಾರಿದ
ಷೆವರ್ಲೆ. ಎರಡು ಲಕ್ಷದ ಹನ್ನೊಂದು ಸಾವಿರ ಮೈಲಿ.
ಸೀಟಿನ ಸಂದಿಯಲ್ಲಿ ಇನ್ನೂ ಹೊಂಬಣ್ಣದ ಕೂದಲು,
ತಳದಲ್ಲಿ ಚಳಿಗಾಲದ ರಸ್ತೆಯುಪ್ಪು ತಿಂದುಳಿದ ತುಕ್ಕು.
ಐಲಿ ರಟ್ಟು ಹಾಸಿ, ಅಂಗಾತ ಗಾಡಿಯಡಿ ತೂರಿ
ಸುತ್ತಿಗೆ ಹಿಡಿಯಿಂದ ಚಾಸಿ ತಟ್ಟಿ ಕೇಳುತ್ತಾಳೆ,
ಸಂತೆಯಲ್ಲಿ ಮಡಕೆ ಕೊಳ್ಳುವವಳ ಹಾಗೆ.
ಟಣ್ ಅಂದರೆ ಸರಿ. ಡೊಬ್ ಅಂದಲ್ಲಿ ಸೀಮೆಸುಣ್ಣದ ಗೀಟು.
ಎರಡೇ ಗೀಟು. ಅರವತ್ತಮೂರರ ಅವಳ ಮಂಡಿಗಳಲ್ಲಿ
ಇದಕ್ಕಿಂತ ಹೆಚ್ಚಿವೆ.

ಎಳೆಯಬೇಕಾದ್ದು ಅಪ್ಪನ ಸೌನಾ:
ದೇವದಾರು ಹಲಗೆಯ ಬೆವರುಮನೆ, ಒಲೆ ಚಿಮಣಿ ಸಮೇತ
ಹಳೇ ದೋಣಿಯ ಟ್ರೈಲರ್ ಏರಿ ಕೂತಿದೆ
ಸುಪೀರಿಯರ್ ಸರೋವರದ ದಂಡೆಗೆ, ತಮ್ಮ ವೈಕ್ಕೋನ ಅಂಗಳದಲ್ಲಿ.
ಆರು ತಿಂಗಳು ಅವನಿಗೆ, ಆರು ತಿಂಗಳು ಇವಳಿಗೆ
ಎಂದು ಬರೆದಿಟ್ಟು ಸತ್ತ ಅಪ್ಪ.
ಹನ್ನೊಂದು ವರ್ಷ ಅದು ಅಲ್ಲೇ ಇತ್ತು.
ಇವಳ ಬಳಿ ಎಳೆಯುವ ಗಾಡಿಯಿರಲಿಲ್ಲ,
ಅವರ ನಡುವೆ ಮಾತೂ.
ಜಗಳ ಯಾವಾಗಿನದೆಂದು ಕೇಳಿದರೆ
ಇಬ್ಬರೂ ಬೇರೆ ಬೇರೆ ಇಸವಿ ಹೇಳುತ್ತಾರೆ.

ಸೆಪ್ಟೆಂಬರ್ ಪೂರ್ತಿ ಕೈಗೆ ಗ್ರೀಸು.
ಗೇರ್ ಎಣ್ಣೆ ಕಪ್ಪಗೆ, ಸೀದ ಬ್ರೆಡ್ಡಿನ ವಾಸನೆ; ಚೆಲ್ಲಿ ಹೊಸದು ಹುಯ್ದಳು.
ಏರಿನಲ್ಲಿ ಕಾದು ಕೊತಗುಟ್ಟದಿರಲೆಂದು
ರೇಡಿಯೇಟರಿನ ಮುಂದೊಂದು ಪುಟ್ಟ ಕೂಲರ್.
ಕುಸಿದ ಹಿಂಬದಿ ಸ್ಪ್ರಿಂಗಿಗೆ ಗಾಳಿಚೀಲ.
ಡ್ಯಾಷಿನಡಿ, ಮಂಡಿ ತಾಗುವಲ್ಲಿ, ಬ್ರೇಕಿನ ಡಬ್ಬಿ:
ಹಿಂದೆ ಬರುವ ಚಕ್ರಕ್ಕೂ ನಿಲ್ಲು ಅನ್ನಬೇಕಲ್ಲ.
ತಂತಿ ಏಳು, ಬಣ್ಣ ಏಳು.
ಪುಸ್ತಕ ಕಂದು ಅಂದದ್ದು ಗಾಡಿಯಲ್ಲಿ ಹಸಿರು.
ಒಂದು ಭಾನುವಾರ ಅದಕ್ಕೇ ಹೋಯಿತು.

ಅಕ್ಟೋಬರ್ ಮೊದಲ ಶನಿವಾರ ಹಿಮ್ಮುಖವಾಗಿ
ತಮ್ಮನ ಅಂಗಳಕ್ಕೆ ಬಂದಳು. ಅವನು ಬಾಗಿಲಲ್ಲೇ ನಿಂತಿದ್ದ.

ಟ್ರೈಲರಿನ ಮುಂಗೋಲಿಗೆ ಇಲ್ಲಿಯವರು ನಾಲಿಗೆ ಎನ್ನುತ್ತಾರೆ.
ನಮ್ಮ ಎತ್ತಿನ ಗಾಡಿಗೆ ಅದು ಮೂಕಿ.
ಯಾರ ಹೆಸರು ಸರಿಯೋ, ಭಾರ ಹೊರುವುದು ಅದೇ.
ಹತ್ತರಲ್ಲೊಂದು ಪಾಲು ಅದರ ಮೇಲೆ ಕೂರಬೇಕು;
ಹಿಂಭಾರವಾದರೆ ಇಳಿಜಾರಿನಲ್ಲಿ
ಟ್ರೈಲರು ಕುಡಿದವನಂತೆ ತೂರಾಡಿ ಗಾಡಿಯನ್ನೂ ಕೆಡವುತ್ತದೆ.
ಬಚ್ಚಲಿನ ತೂಕದ ಯಂತ್ರ, ಒಂದು ಇಟ್ಟಿಗೆ, ಅಡ್ಡ ಹಲಗೆ,
ಮುಳ್ಳು ತೋರಿದ್ದಕ್ಕೆ ಮೂರರ ಗುಣಾಕಾರ:
ಐವತ್ತೆರಡು. ಅಂದರೆ ನೂರೈವತ್ತಾರು.
ಬೇಕಾದ್ದು ಮುನ್ನೂರು ಪೌಂಡು.

ಒಲೆಯ ಕಲ್ಲುಗಳೆಲ್ಲ ಹಿಂಗೋಡೆಗಿದ್ದವು.
ಅವಳು ಒಂದನ್ನೆತ್ತಿ ಮುಂದೆ ತಂದಿಟ್ಟಳು. ಇನ್ನೊಂದು.
ಮೂರನೆಯದು ಅವನ ಕೈಯಲ್ಲಿತ್ತು.
ಹೊಗೆ ಕುಡಿದು ಕಪ್ಪಾದ ಕೆರೆದಂಡೆಯ ಕಲ್ಲು,
ಯಾವುದನ್ನು ಯಾರು ಹೆಕ್ಕಿದ್ದೆಂದು ಇಬ್ಬರಿಗೂ ನೆನಪು;
ಯಾರೂ ಹೇಳಲಿಲ್ಲ.
ತೊಂಬತ್ತೆಂಟಕ್ಕೆ ಮುಳ್ಳು ನಿಂತಿತು. ಆರು ಪೌಂಡು ಕಮ್ಮಿ.
ವೈಕ್ಕೋ ಒಳಗೆ ಹೋಗಿ
ಅಪ್ಪನ ತಾಮ್ರದ ಸೌಟನ್ನೂ ಮರದ ಬಕೀಟನ್ನೂ ತಂದಿಟ್ಟ.

ಗುಂಡಿಗೆ ಬಟ್ಟಲು ಕವುಚಿ ಚಿಲಕ ಜಡಿದು
ಸರಪಳಿಗಳನ್ನು ಅಡಿಯಿಂದ ಕತ್ತರಿ ಹಾಕಿದಳು,
ಮೂಕಿ ಕಳಚಿದರೂ ನೆಲಕ್ಕೆ ಬೀಳದೆ
ಮಡಿಲಲ್ಲಿ ಬೀಳಲಿ ಎಂದು.

ಎಲ್ಲ ಒಬ್ಬಳೇ ಮಾಡಬಹುದು, ದೀಪವೊಂದು ಬಿಟ್ಟು.
ಒಬ್ಬರು ಮುಂದೆ ಕೂತು ಒತ್ತಬೇಕು,
ಒಬ್ಬರು ಹಿಂದೆ ನಿಂತು ನೋಡಬೇಕು.
ಐಲಿ ಗಾಜಿಳಿಸಿ ಬಹಳ ಹೊತ್ತು ಕೂತಿದ್ದಳು.

ಎಡ?
ಉರೀತಿದೆ.
ಬಲ?
ಇಲ್ಲ. ತಡಿ.
ಅವನು ಪ್ಲಗ್ಗು ಕಿತ್ತು, ಅಂಗಿ ತೋಳಿಗೆ ಒರೆಸಿ, ಊದಿ, ಸಿಕ್ಕಿಸಿದ.
ಈಗ ಉರೀತು.
ಬ್ರೇಕ್?
ಒತ್ತು. ಇನ್ನೂ ಒತ್ತು.
ಹ್ಞಾಂ, ಎರಡೂ ಕೆಂಪು.

ಹತ್ತು ಮೈಲಿಗೆ ನಿಲ್ಲಿಸಬೇಕೆಂಬುದು ನಿಯಮ.
ಮುಚ್ಚಿದ ಗಣಿಯೊಂದರ ಪಕ್ಕ ನಿಲ್ಲಿಸಿ
ಗಾಲಿಯ ಗುಂಭಕ್ಕೆ ಅಂಗೈಯೊತ್ತಿ ನೋಡಿದಳು.
ಬೆಚ್ಚಗಿತ್ತು. ಸುಡುತ್ತಿರಲಿಲ್ಲ.
ನಟ್ಟುಗಳನ್ನು ಇನ್ನೊಂದು ಸುತ್ತು ಬಿಗಿದು,
ಪೆಟ್ರೋಲ್ ರಸೀದಿಯ ಹಿಂದೆ ಬರೆದುಕೊಂಡಳು:
ಏಪ್ರಿಲ್. ಹೊರಡುವ ಮುಂಚೆ ಗುಂಡಿಗೆ ಗ್ರೀಸು.